ಗೋಂದಣ್ಣನ ಹೊಟ್ಟೆಯಲ್ಲಿ ಯಜಮಾನರ ಪ್ರಾಣ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಂಗೈ ಅಗಲದ ಒಂದು ಬಿಳಿ ಡಬ್ಬಿ. ತಿರುಪಿನ ಮುಚ್ಚಳ, ಪಕ್ಕದಲ್ಲಿ ಅಳತೆಯ ಗೆರೆಗಳು, ಒಳಗೆ ಖಾಲಿ. ಆ ಖಾಲಿಯೇ ತೊಂದರೆಯಾಗಿತ್ತು.

ಬೆಳಿಗ್ಗೆ ಆರು ಹತ್ತಕ್ಕೆ ಗೋಂದಣ್ಣ ವಠಾರದ ಹಿತ್ತಲಿನ ಕಕ್ಕಸಿಗೆ ಹೋಗುವುದು, ಆರು ಹದಿನಾರಕ್ಕೆ ಹೊರಗೆ ಬರುವುದು ಒಂಬತ್ತು ವರ್ಷದಿಂದ ತಪ್ಪದ ಕ್ರಮ. ಆರು ಮನೆಗಳಿಗೆ ಇದ್ದದ್ದು ಅದೊಂದೇ ಕಕ್ಕಸು. ಯಾರ ಮನೆಯಲ್ಲಾದರೂ ಗಡಿಯಾರ ನಿಂತರೆ ಅವನ ಚಪ್ಪಲಿಯ ಸದ್ದು ಕೇಳಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಆದರೆ ಅವತ್ತು ಡಬ್ಬಿ ಹಿಡಿದು ಒಳಗೆ ಹೋದವನು ಹದಿನಾರಕ್ಕೆ ಬರಲಿಲ್ಲ, ಇಪ್ಪತ್ತಾರಕ್ಕೂ ಬರಲಿಲ್ಲ. ಹೊರಗೆ ಬಕೆಟ್ಟುಗಳ ಸಾಲು ಬಾವಿಕಟ್ಟೆಯವರೆಗೆ ಬೆಳೆಯಿತು. ಆರು ನಲವತ್ತಕ್ಕೆ ಬಾಗಿಲು ತೆರೆದಾಗ ಅವನ ಮುಖ ನೋಡಿದವರಿಗೆ ಡಬ್ಬಿ ನೋಡುವ ಅಗತ್ಯವೇ ಬೀಳಲಿಲ್ಲ. ಹುಟ್ಟಿದಂದಿನಿಂದ ಯಾರೂ ಕೇಳದೆ ತಾನಾಗಿ ನಡೆದುಕೊಂಡು ಬಂದ ಕೆಲಸ, ಕೇಳಿದ ದಿನವೇ ಹೊಸ ಅಳಿಯನ ಹಾಗೆ ಮುನಿಸಿಕೊಂಡು ಕೂತಿತ್ತು.

ಅವನಿಗೆ ತಾಯಿತಂದೆ ಇಟ್ಟ ಹೆಸರು ಬೇರೆ. ಆದರೆ ಬೈಂಡಿಂಗ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಪುಸ್ತಕಗಳ ಬೆನ್ನಿಗೆ ಅಂಟು ಸವರಿದ ಮೇಲೆ ಆ ಹೆಸರು ಹೆಂಡತಿಗೂ ಯೋಚಿಸಿದರೆ ಮಾತ್ರ ನೆನಪಾಗುತ್ತಿತ್ತು. ಕಾರ್ಖಾನೆಯ ಯಜಮಾನರೇ ಅವನಿಗೆ ಕೆಲಸ ಕಲಿಸಿದವರು. ಮೂರು ತಿಂಗಳ ಹಿಂದೆ ಕಾಗದ ಕತ್ತರಿಸುವ ಯಂತ್ರದ ಅಲಗು ತಾಗಿ ಅವರ ಬೆರಳಿಗೆ ಗಾಯವಾಯಿತು, ಕೀವಾಯಿತು, ಒಂದರ ಮೇಲೊಂದು ಜೋರು ಆ್ಯಂಟಿಬಯೋಟಿಕ್ ಬಿತ್ತು. ಬೆರಳು ವಾಸಿಯಾಯಿತು, ಹೊಟ್ಟೆ ಕೆಟ್ಟಿತು. ದಿನಕ್ಕೆ ಹದಿನೈದು ಸಲ ಭೇದಿ. ಎರಡು ಸಲ ನಿಂತ ಹಾಗೆ ಮಾಡಿ ಮೂರನೆಯ ಸಲ ಮರುಕಳಿಸಿದಾಗ ಅವರು ಒಗೆದು ಹಿಂಡಿದ ಅಂಗಿಯಂತೆ ಆಸ್ಪತ್ರೆಯ ಮಂಚದ ಮೇಲೆ ಬಿದ್ದಿದ್ದರು.

ಆಗ ಹೊಟ್ಟೆ ಡಾಕ್ಟರಮ್ಮ ಕಾರ್ಖಾನೆಗೇ ಬಂದು ಹನ್ನೊಂದು ಜನ ಕೆಲಸಗಾರರನ್ನೂ ಕಾಗದದ ಕಟ್ಟುಗಳ ಮೇಲೆ ಕೂರಿಸಿ ಹೇಳಿದ್ದರು.

“ನಮ್ಮ ಕರುಳು ಒಂದು ದೊಡ್ಡ ವಠಾರ ಅಂದ್ಕೊಳ್ಳಿ. ಕೋಟಿ ಕೋಟಿ ಬ್ಯಾಕ್ಟೀರಿಯಾ ಬಾಡಿಗೆಗಿವೆ. ಬಹುಪಾಲು ಪಾಪದವು. ನಾವು ತಿಂದು ಬಿಟ್ಟಿದ್ದು ತಿಂದ್ಕೊಂಡು ತಮ್ಮ ಪಾಡಿಗೆ ಇರ್ತವೆ. ಜಾಗ ಬಿಟ್ಟುಕೊಡದೆ ಇರೋದೇ ಅವು ನಮಗೆ ಮಾಡೋ ದೊಡ್ಡ ಉಪಕಾರ. ಕಳ್ಳ ಬಂದು ಇಣುಕಿದ್ರೆ ಎಲ್ಲ ಮನೆಯಲ್ಲೂ ಜನ, ಎಲ್ಲ ಕಿಟಕಿಯಲ್ಲೂ ಕಣ್ಣು. ನಿಮ್ಮ ಯಜಮಾನರಿಗೆ ಕೊಟ್ಟ ಔಷಧ ಬೆರಳಿನ ಕೀವಿನ ಜೊತೆಗೆ ಇಡೀ ವಠಾರ ಖಾಲಿ ಮಾಡಿಸಿಬಿಟ್ಟಿದೆ. ಈಗ ಒಬ್ಬ ಕಳ್ಳ ಸೇರ್ಕೊಂಡು, ಎಲ್ಲ ಮನೆಯಲ್ಲೂ ತಾನೇ ಕಾಲು ಚಾಚಿ ವಿಷ ಕಾರ್ತಿದಾನೆ.”

ಆ ಕಳ್ಳ ಬ್ಯಾಕ್ಟೀರಿಯಾಕ್ಕೆ ಒಂದು ಹೆಸರಿತ್ತು. ಅದನ್ನು ಉಚ್ಚರಿಸಲು ಹೋದ ಹೊಲಿಗೆಯಕ್ಕನ ನಾಲಿಗೆ ಎರಡು ಸಲ ಮುಗ್ಗರಿಸಿದ್ದರಿಂದ ಎಲ್ಲರೂ ಅದನ್ನು ಕಳ್ಳ ಎಂದೇ ಕರೆದರು. ಹೊಲಿಗೆಯಕ್ಕ ಎಂದರೆ ಪುಟಗಳನ್ನು ದಾರದಿಂದ ಹೊಲಿಯುವ ಹಿರಿಯಾಕೆ. ಆಕೆಯ ಸೂಜಿಗಿಂತ ಮಾತು ಚೂಪು. ಹಾಗಾದರೆ ಮಾಡಬೇಕಾದದ್ದೇನು ಎಂದು ಆಕೆಯೇ ಕೇಳಿದಳು. ಆರೋಗ್ಯವಂತನ ಕರುಳಿನಿಂದ ಒಳ್ಳೆಯ ಬಾಡಿಗೆದಾರರನ್ನು ತಂದು ಯಜಮಾನರ ಕರುಳಿನಲ್ಲಿ ನೆಲೆಗೊಳಿಸಬೇಕು ಎಂದರು ಡಾಕ್ಟರಮ್ಮ. ಆ ಬಾಡಿಗೆದಾರರು ಯಾವ ಗಾಡಿಯಲ್ಲಿ ಕೂತು ಬರುತ್ತಾರೆ ಎಂದು ವಿವರಿಸಿದಾಗ ಹನ್ನೊಂದು ಜನವೂ ಒಟ್ಟಿಗೆ ಛಾವಣಿ ನೋಡಿದರು.

ಎಲ್ಲರ ರಕ್ತ, ಮಲ, ತೂಕ, ಚರಿತ್ರೆ ಪರೀಕ್ಷೆಯಾಯಿತು. ಒಬ್ಬನಿಗೆ ಸಕ್ಕರೆ ಕಾಯಿಲೆ, ಇಬ್ಬರು ದಿನಾ ಹುಳಿತೇಗಿನ ಮಾತ್ರೆ ನುಂಗುವವರು, ಉಳಿದವರೆಲ್ಲ ಸೀನು ಬಂದರೂ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ತಿಂದವರು. ಪಾಸಾದವನು ಗೋಂದಣ್ಣ ಒಬ್ಬನೇ. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂಬ ಹೆದರಿಕೆಯಿಂದ ಅವನು ಹತ್ತು ವರ್ಷದಿಂದ ಒಂದನ್ನೂ ನುಂಗಿರಲಿಲ್ಲ. ಹೇಡಿತನಕ್ಕೆ ಅಂಥ ಗೌರವ ಅದೇ ಮೊದಲು ಸಿಕ್ಕಿದ್ದು.

ಅಜ್ಜಿಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗೆ, ಪಂಜರದ ಗಿಳಿಯ ಕೊರಳಲ್ಲಿ ಇರುತ್ತದೆ. ಯಜಮಾನರ ಪ್ರಾಣ ಅಷ್ಟು ದೂರವೂ ಇರಲಿಲ್ಲ, ಅಷ್ಟು ಚೆಂದದ ಜಾಗದಲ್ಲೂ ಇರಲಿಲ್ಲ. ಗೋಂದಣ್ಣನ ಹೊಕ್ಕುಳಿಗೆ ನಾಲ್ಕು ಬೆರಳು ಕೆಳಗೆ ಇತ್ತು. ಗಿಳಿಗೆ ಯಾರೂ ಸಂಜೆ ನಾಲ್ಕರೊಳಗೆ ಎಂದು ಗಡುವು ಕೊಟ್ಟಿರಲಿಲ್ಲ. ಇವನಿಗೆ ಕೊಟ್ಟಿದ್ದರು. ಐದಕ್ಕೆ ಯಜಮಾನರಿಗೆ ಚಿಕಿತ್ಸೆ, ನಾಲ್ಕಕ್ಕೆ ಡಬ್ಬಿ ಬೇಕು, ತಾಜಾ ಆಗಿರಬೇಕು.

ಗಡುವಿನ ಮೇಲೆ ಇನ್ನೊಂದು ಗಡುವಿತ್ತು. ಅದೇ ರಾತ್ರಿ ಎಂಟೂವರೆಯ ರೈಲಿಗೆ ಗೋಂದಣ್ಣ, ಅವನ ಹೆಂಡತಿ ಇಬ್ಬರಿಗೂ ಟಿಕೆಟ್ ಆಗಿತ್ತು. ಹೆಂಡತಿ ಸಮುದ್ರ ಕಂಡವಳಲ್ಲ. ಮದುವೆಯಾದಾಗಿನಿಂದ ಪ್ರತಿ ವರ್ಷ ಹೊರಡುವುದು, ಪ್ರತಿ ವರ್ಷ ಪರೀಕ್ಷೆಯ ಉತ್ತರ ಪುಸ್ತಕಗಳ ಹೊಲಿಗೆ ಬಂದು ರಜೆ ಹಾರಿಹೋಗುವುದು. ಈ ಸಲ ಅವಳು ಸೂಟ್‌ಕೇಸು ಮೂರು ದಿನ ಮುಂಚೆಯೇ ತುಂಬಿಸಿ, ಸಮುದ್ರಕ್ಕೆ ಆಚೆ ದಡ ಕಾಣುವುದಿಲ್ಲವಂತೆ, ಹಾಗಾದರೆ ಅದು ಮುಗಿಯಿತು ಎಂದು ನೋಡುವವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿಕೊಂಡು ಓಡಾಡುತ್ತಿದ್ದಳು. ರಜೆ ಕೊಡುವ ಅಧಿಕಾರ ಈಗ ಯಜಮಾನರ ಮಗಳ ಕೈಯಲ್ಲಿತ್ತು. ಎಲ್ಲರೂ ಆಕೆಯನ್ನು ಚಿಕ್ಕ ಯಜಮಾನಿ ಎನ್ನುತ್ತಿದ್ದರು. ಆಕೆ ಒಂದೇ ಮಾತಿನಲ್ಲಿ ಮುಗಿಸಿದ್ದಳು.

“ಡಬ್ಬಿ ಕೊಟ್ಟ ಗಳಿಗೆಗೆ ಹತ್ತು ದಿನ ರಜೆ. ಕೊಡ್ದೆ ಊರು ಬಿಟ್ರೆ, ತಿರುಗಿ ಕಾರ್ಖಾನೆ ಬಾಗಿಲಿಗೆ ಬರೋದು ಬೇಡ.”

ಹೀಗಾಗಿ ಆರು ನಲವತ್ತಕ್ಕೆ ಖಾಲಿ ಡಬ್ಬಿಯೊಂದಿಗೆ ಹೊರಬಂದವನ ಕೈಯಲ್ಲಿ ಒಂದು ಜೀವ, ಒಂದು ಕೆಲಸ, ಒಂದು ಸಮುದ್ರ ಮೂರೂ ತೂಗುತ್ತಿದ್ದವು.

ವಿಷಯ ವಠಾರಕ್ಕೆಲ್ಲ ಗೊತ್ತಿತ್ತು. ಹೆಂಡತಿ ಗುಟ್ಟಾಗಿಡಿ ಎಂದು ಮಹಡಿಯತ್ತೆಗೆ ಒಬ್ಬಳಿಗೇ ಹೇಳಿದ್ದಳು. ಮಹಡಿಯತ್ತೆ ಯಾರಿಗೂ ಅತ್ತೆಯಲ್ಲ, ಮಹಡಿಯ ಮೇಲಿದ್ದದ್ದು ಮಾತ್ರ ನಿಜ. ಅಲ್ಲಿಂದ ಬಿದ್ದ ಮಾತು ಕೆಳಗಿನ ಐದು ಮನೆಗೂ ಮಳೆನೀರಿನಂತೆ ಸಮನಾಗಿ ಹರಿಯುತ್ತಿತ್ತು. ಆಕೆ ಬಿಸಿನೀರಿನ ಚೊಂಬು ಹಿಡಿದು ಇಳಿದಳು. ಒಬ್ಬರು ಬಗ್ಗಿ ನಡೆಯಲು ಹೇಳಿದರು, ಇನ್ನೊಬ್ಬರು ಎಡಕ್ಕೆ ಮಲಗಲು ಹೇಳಿದರು. ಹಿಂದಿನ ಮನೆಯಾತ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ರಾತ್ಯಕ್ಷಿಕೆ ತೋರಿಸಿದ. ಗೋಂದಣ್ಣ ಎಲ್ಲ ಮಾಡಿದ. ಏನೂ ಆಗಲಿಲ್ಲ.

ಏಳೂವರೆಗೆ ಮಹಡಿಯತ್ತೆ ಪ್ರೀತಿಯಿಂದ ಒಂದು ಲೋಟ ಕಾಫಿ ತಂದಳು. ತುಟಿಗೆ ತಾಗಿಸಿದ ಗೋಂದಣ್ಣನ ಮೀಸೆ ನೆಟ್ಟಗಾಯಿತು. ಕಾಫಿಯ ಮೇಲೆ ಹರಳೆಣ್ಣೆ ಕಾಮನಬಿಲ್ಲು ಬರೆದಿತ್ತು. ಔಷಧ, ಭೇದಿಮದ್ದು ಏನು ಒಳಹೊಕ್ಕರೂ ಅವತ್ತಿನದು ಕೆಲಸಕ್ಕೆ ಬಾರದೆಂದು ಡಾಕ್ಟರಮ್ಮ ಮೂರು ಸಲ ಹೇಳಿ ಕಳಿಸಿದ್ದರು. ಅವನು ಬಾಯಲ್ಲಿದ್ದದ್ದನ್ನು ನುಂಗುವ ಹಾಗಿಲ್ಲ, ಅತ್ತೆಯ ಎದುರು ಉಗುಳುವ ಹಾಗಿಲ್ಲ. ಕೆನ್ನೆ ಉಬ್ಬಿಸಿಕೊಂಡು ನಿಂತ. ಅತ್ತೆ ಹೇಗಿದೆ ಎಂದು ಕೇಳಿದಳು. ಅವನು ತಲೆಯಾಡಿಸಿದ. ಇನ್ನೂ ಸಕ್ಕರೆ ಬೇಕೇ ಎಂದು ಕೇಳಿದಳು. ಆಗ ಹೆಂಡತಿ ಬಂದು ಅವನ ಬೆನ್ನಿಗೆ ಒಂದು ಗುದ್ದಿದಳು. ಕಾಫಿಯೆಲ್ಲ ಅತ್ತೆಯ ಕಾಲಿನ ಮೇಲೆ ಬಿತ್ತು.

“ಉಪಕಾರ ಮಾಡಕ್ಕೆ ಬಂದ್ರೆ ಇದಾ ಮರ್ಯಾದೆ” ಎಂದು ಅತ್ತೆ ಮೆಟ್ಟಿಲು ಹತ್ತಿದಳು. ಆಕೆಗೆ ಕಾಲು ಸುಟ್ಟದ್ದಕ್ಕಿಂತ ಎಣ್ಣೆ ದಂಡವಾದದ್ದು ನೋವಾಗಿತ್ತು.

ಎಂಟಕ್ಕೆ ಗೋಂದಣ್ಣ ಕಾರ್ಖಾನೆಗೆ ಹೊರಟಾಗ ಪಕ್ಕದ ಮನೆಯ ಗಾರ್ಡ್ ಮಾಮ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ರೈಲ್ವೆಯಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಸೀಟಿಯನ್ನು ಕೊರಳಿನಿಂದ ತೆಗೆದವರಲ್ಲ. ಇಂಥ ದಿನ ಒಬ್ಬನೇ ಹೋಗಬಾರದು, ದಾರಿಯಲ್ಲಿ ಎಲ್ಲೆಂದರಲ್ಲಿ ಸಿಗ್ನಲ್ ಬೀಳಬಹುದು ಎಂದರು. ಬೇಡ ಮಾಮ ಎಂದರೆ ಕೇಳಲಿಲ್ಲ.

“ಗಾರ್ಡ್ ಇಲ್ದೆ ಗಾಡಿ ಹೊರಡ್ಬಾರ್ದು ಕಣಯ್ಯ. ನೀನು ಡಬ್ಬಿ ಹಿಡ್ಕೋ, ನಾನು ಟೈಮ್ ನೋಡ್ಕೋತೀನಿ.”

ಬಸ್ಸಿನಲ್ಲಿ ಅವರು ಹತ್ತು ನಿಮಿಷಕ್ಕೊಮ್ಮೆ ಅವನ ಹೊಟ್ಟೆಯ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಮುಂದಿನ ಸೀಟಿನ ಹೆಂಗಸು ಇದನ್ನೆಲ್ಲ ನೋಡಿ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋಗಿ ಕೂತಳು.

ಕಾರ್ಖಾನೆಯಲ್ಲಿ ಅವನಿಗೆ ಅಂಟಿನ ಬ್ರಷ್ಷು ಮುಟ್ಟಲು ಬಿಡಲಿಲ್ಲ. ಯಜಮಾನರ ಕುರ್ಚಿ ತಂದು ಫ್ಯಾನಿನ ಕೆಳಗೆ ಹಾಕಿ ಕೂರಿಸಿದರು. ಮೊಟ್ಟೆಗೆ ಕಾವು ಕೂತ ಕೋಳಿಯ ಸುತ್ತ ಮನೆಮಂದಿ ನಡೆದಾಡುವಂತೆ ಹತ್ತೂ ಜನ ತುದಿಗಾಲಲ್ಲಿ ನಡೆದಾಡಿದರು. ಚಿಕ್ಕ ಯಜಮಾನಿ ಅರ್ಧ ಗಂಟೆಗೊಮ್ಮೆ ಆಸ್ಪತ್ರೆಯಿಂದ ಫೋನು ಮಾಡಿದಳು. ಪ್ರತಿ ಸಲ ಹೊಲಿಗೆಯಕ್ಕ ಫೋನೆತ್ತಿ, ಗೋಂದಣ್ಣನನ್ನು ಒಮ್ಮೆ ನೋಡಿ, ಇನ್ನೂ ಇಲ್ಲ ಎಂದು ಹೇಳಿ ಇಡುತ್ತಿದ್ದಳು. ಯಜಮಾನರಿಗೆ ಬೆಳಿಗ್ಗೆಯಿಂದ ಏಳನೆಯ ಸಲವಾಯಿತು, ಎಂಟನೆಯ ಸಲವಾಯಿತು ಎಂಬ ವರದಿ ಅತ್ತಲಿಂದ ಬರುತ್ತಿತ್ತು.

“ವಿಚಿತ್ರ ನೋಡಪ್ಪ. ಅಲ್ಲಿ ನಿಲ್ಲಲ್ಲ, ಇಲ್ಲಿ ಬರಲ್ಲ. ಇಬ್ಬರನ್ನೂ ಒಟ್ಟಿಗೆ ಹೊಲಿದ್ರೆ ಒಂದು ಸರಿಯಾದ ಮನುಷ್ಯ ಆಗ್ತಾನೆ” ಎಂದಳು ಹೊಲಿಗೆಯಕ್ಕ.

ನಗು ತಡೆದುಕೊಳ್ಳಲು ಎಲ್ಲರೂ ಕೆಲಸಕ್ಕೆ ಬಗ್ಗಿದರು. ಗೋಂದಣ್ಣ ಮೂರು ಸಲ ಹಿಂದಿನ ಕಕ್ಕಸಿಗೆ ಹೋಗಿ ಬಂದ. ಮೂರು ಸಲವೂ ಬಾಗಿಲ ಹೊರಗೆ ಗಾರ್ಡ್ ಮಾಮನ ಬೂಟಿನ ಸದ್ದು, ಅದರಾಚೆ ಹತ್ತು ಜನ ಉಸಿರು ಹಿಡಿದ ಮೌನ. ಅಂಥ ಮೌನದಲ್ಲಿ ಕವಿತೆ ಬರಬಹುದು, ಬೇರೇನೂ ಬರುವುದಿಲ್ಲ.

ನಾಲ್ಕನೆಯ ಸಲ ಎದ್ದಾಗ ಒಂದೂವರೆ ಗಂಟೆ. ಡಬ್ಬಿಗಾಗಿ ಕೈ ಚಾಚಿದರೆ ಮೇಜಿನ ಮೇಲೆ ಡಬ್ಬಿಯಿರಲಿಲ್ಲ. ಒಳಗಿನ ಕೋಣೆಯಲ್ಲಿ ನಾಲ್ಕು ಜನ ಅದರ ಸುತ್ತ ಬಗ್ಗಿದ್ದರು. ಬೈಂಡಿಂಗ್ ಕಾರ್ಖಾನೆಯಿಂದ ಯಜಮಾನರಿಗೆ ಹೋಗುವ ವಸ್ತು ಬರಿಮೈಯಲ್ಲಿ ಹೋಗುವುದೆಂದರೇನು ಎಂದು ಅವರಿಗೆ ಅನ್ನಿಸಿತ್ತು. ಡಬ್ಬಿಗೆ ಕೆಂಪು ಕ್ಯಾಲಿಕೋ ಬಟ್ಟೆ ಸುತ್ತಿ, ಅಂಚಿಗೆ ಅಮೃತಶಿಲೆಯ ಬಣ್ಣದ ಕಾಗದ ಅಂಟಿಸಿ, ಮುಚ್ಚಳದ ಮೇಲೆ ಚಿನ್ನದ ಅಕ್ಷರದಲ್ಲಿ ‘ಶೀಘ್ರ ಗುಣವಾಗಲಿ’ ಎಂದು ಒತ್ತಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಮೂಲೆಗಳು ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಬರೀ ಅಂಟು ಸ್ವಲ್ಪ ಹೆಚ್ಚಾಗಿ, ಮುಚ್ಚಳದ ತಿರುಪಿನಿಂದ ಒಳಗೆ ಇಳಿದಿತ್ತು.

ಗೋಂದಣ್ಣ ಡಬ್ಬಿ ಕಿತ್ತುಕೊಂಡು ಒಳಗೆ ಇಣುಕಿದ. ಅಂಟಿಗೆ ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಕಲಸುತ್ತಾರೆ. ಹದಿನಾಲ್ಕು ವರ್ಷದಿಂದ ಅದನ್ನು ಕಲಸುತ್ತಿದ್ದವನು ಅವನೇ. ಹುಳುವನ್ನೂ ಬೂಷ್ಟನ್ನೂ ಸಾಯಿಸುವ ವಿಷ ಒಳ್ಳೆಯ ಬಾಡಿಗೆದಾರರನ್ನು ಮಾತ್ರ ಮಾತಾಡಿಸಿ ಬಿಟ್ಟುಬಿಡುತ್ತದೆಯೇ? ತೊಳೆದರೆ ಆಗುವುದಿಲ್ಲವೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಡಾಕ್ಟರಮ್ಮ ಅದನ್ನು ಮುಟ್ಟಲೂ ಬೇಡಿ, ಬಂದು ಬೇರೆ ಡಬ್ಬಿ ತೆಗೆದುಕೊಂಡು ಹೋಗಿ ಎಂದರು. ಆಮೇಲೆ, ತಿರುಗಿ ಹೋಗುವುದೇನೂ ಬೇಡ, ಆಸ್ಪತ್ರೆಯಲ್ಲೇ ಇರಿ ಎಂದರು.

ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ರಸ್ತೆ ಅಗೆದಿದ್ದರು, ಬಸ್ಸು ಸುತ್ತುಹಾಕಿತು. ಹೊಸ ಡಬ್ಬಿ ಕೈಗೆ ಬಂದಾಗ ಮೂರು ಗಂಟೆ. ಚಿಕ್ಕ ಯಜಮಾನಿ ವಾರ್ಡಿನ ಹೊರಗಿನ ಓಣಿಯಲ್ಲಿ ಶತಪಥ ಹಾಕುತ್ತಿದ್ದಳು. ಅವನನ್ನು ಕಂಡದ್ದೇ ಕೈಗಡಿಯಾರವನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಮನೆಯಿಂದ ಹೆಂಡತಿ ಫೋನು ಮಾಡಿ, ದಾರಿಗೆ ನೀರು ಎರಡು ಬಾಟಲಿ ಸಾಕೇ, ಮೂರು ಬೇಕೇ ಎಂದು ಕೇಳಿದಳು. ಅವಳ ದನಿಯಲ್ಲಿ ಆಗಲೇ ಅಲೆಗಳಿದ್ದವು. ಅವನು ಮೂರು ಎಂದ.

ಮೂರೂಕಾಲಾಯಿತು. ಮೂರೂವರೆಯಾಯಿತು. ಓಣಿಯ ಆ ತುದಿಯಿಂದ ಈ ತುದಿಗೆ ಗಾರ್ಡ್ ಮಾಮ ಅವನನ್ನು ಇಪ್ಪತ್ತೆರಡು ಸಲ ನಡೆಸಿದ್ದರು. ಹೊಟ್ಟೆ ಕಲ್ಲಾಗಿತ್ತು. ಶಾಪಗ್ರಸ್ತ ರಾಜಕುಮಾರನಾದರೆ ಕಲ್ಲಾದದ್ದು ಹೂವಿನ ಸ್ಪರ್ಶಕ್ಕೆ ಕರಗುತ್ತದೆ. ಇಲ್ಲಿ ಹೂವೂ ಇರಲಿಲ್ಲ.

ಆಗ ನರ್ಸ್ ಬಂದು ಯಜಮಾನರು ಕರೆಯುತ್ತಿದ್ದಾರೆ ಎಂದಳು.

ಕೋಣೆಯಲ್ಲಿ ಯಜಮಾನರು ದಿಂಬಿಗಿಂತ ತೆಳ್ಳಗೆ ಕಂಡರು. ಗೋಂದಣ್ಣ ಈ ಹದಿನೈದು ದಿನವೂ ಕೆಲಸ ಬಿಟ್ಟ ಮೇಲೆ ಸಂಜೆ ಬಂದು ಅವರ ಕೈ ಹಿಡಿದು ಕೂತು ಹೋಗುತ್ತಿದ್ದ. ದಿನದಿಂದ ದಿನಕ್ಕೆ ಆ ಕೈ ಹಗುರಾಗುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಇವತ್ತು ಹಿಡಿದರೆ ಒಣಗಿದ ರಟ್ಟಿನ ಚೂರಿನಂತಿತ್ತು. ಅವನ ಕಣ್ಣು ತುಂಬಿತು. ಕ್ಷಮಿಸಿ, ನನ್ನ ಕೈಲಾಗುತ್ತಿಲ್ಲ ಎಂದು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಯಜಮಾನರೇ ಕಣ್ಣು ಬಿಟ್ಟರು.

“ಹದಿನಾಲ್ಕು ವರ್ಷ ಗಿರಾಕಿಗಳಿಗೆಲ್ಲ ನಾಳೆ ಬನ್ನಿ, ನಾಳೆ ಬನ್ನಿ ಅಂತ ಹೇಳೋದು ಕಲಿಸ್ದೆ” ಎಂದರು ಕ್ಷೀಣ ದನಿಯಲ್ಲಿ. “ಕಡೆಗೆ ನನಗೇ ಹೇಳ್ತೀಯಲ್ಲೋ.”

ಗೋಂದಣ್ಣನಿಗೆ ಅಳು ಬರುವಲ್ಲಿ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಯಜಮಾನರೂ ಸದ್ದಿಲ್ಲದೆ ನಕ್ಕರು. ನಗುವಿನ ಮೂರನೆಯ ಅಲೆಗೆ ಗೋಂದಣ್ಣನ ಹೊಟ್ಟೆಯಲ್ಲಿ, ಬಹಳ ಆಳದಲ್ಲಿ, ಬೆಳಗಿನಿಂದ ಬಿಗಿದಿದ್ದ ಒಂದು ಗಂಟು ಸಡಿಲಾಯಿತು. ಅವನು ನಗು ನಿಲ್ಲಿಸಿದ. ಮುಖದ ಮೇಲೆ ದೂರದ ಸಂಗೀತ ಕೇಳುವವನ ಭಾವ ಮೂಡಿತು. ಡಬ್ಬಿ ಹಿಡಿದು ಎದ್ದ.

ಓಣಿಯ ಕೊನೆಯ ಕಕ್ಕಸಿನ ಮುಂದೆ ನೆಲ ಒರೆಸುವಾಕೆ ಅಡ್ಡ ನಿಂತಿದ್ದಳು. ಒದ್ದೆಯಿದೆ, ಐದು ನಿಮಿಷ ಬಿಟ್ಟು ಬನ್ನಿ ಎಂದಳು. ಮೂರು ಐವತ್ತು. ಗೋಂದಣ್ಣ ಡಬ್ಬಿಯನ್ನು ಎತ್ತಿ ತೋರಿಸಿದ. ಗಾರ್ಡ್ ಮಾಮ ಎಂಟು ವರ್ಷದಿಂದ ಉಸಿರು ಕೂಡಿಟ್ಟವರಂತೆ ಸೀಟಿ ಊದಿದರು. ಆಸ್ಪತ್ರೆಯ ಆ ಮಹಡಿಯಲ್ಲಿ ಎದ್ದು ಕೂರಬಲ್ಲ ರೋಗಿಗಳೆಲ್ಲ ಎದ್ದು ಕೂತರು. ಒರೆಸುವಾಕೆ ಕೋಲು ಬಿಟ್ಟು ಗೋಡೆಗೆ ಒತ್ತಿಕೊಂಡಳು. ಗೋಂದಣ್ಣ ಒದ್ದೆ ನೆಲದ ಮೇಲೆ ಜಾರಿಕೊಂಡೇ ಒಳಗೆ ಹೋದ.

ಮೂರು ಐವತ್ತೇಳಕ್ಕೆ ಡಬ್ಬಿ ಡಾಕ್ಟರಮ್ಮನ ಮೇಜಿನ ಮೇಲಿತ್ತು.

ಆಮೇಲಿನ ಅರ್ಧ ಗಂಟೆ ಗೋಂದಣ್ಣನ ಬಾಳಿನ ಅತ್ಯಂತ ಸುಖದ ಅರ್ಧ ಗಂಟೆ. ಚಿಕ್ಕ ಯಜಮಾನಿ ಅವನಿಗೆ ಕುರ್ಚಿ ಕೊಟ್ಟಳು. ನರ್ಸ್ ನೀರು ಕೊಟ್ಟಳು. ಅವನು ಕಣ್ಣು ಮುಚ್ಚಿ, ಹೆಂಡತಿ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ನೋಡಿದ. ಆಚೆ ದಡವಿಲ್ಲದ ನೀರು ಅವಳ ಕಾಲಿಗೆ ಬಂದು ಬಂದು ಹೋಗುತ್ತಿತ್ತು.

ನಾಲ್ಕೂವರೆಗೆ ಡಾಕ್ಟರಮ್ಮ ಹೊರಗೆ ಬಂದರು. ಕೊಡುವ ಮುಂಚೆ ಪ್ರತಿ ಸಲ ಕೊನೆಯ ಪರೀಕ್ಷೆಯೊಂದನ್ನು ಮಾಡುವ ಪದ್ಧತಿಯಿದೆಯಂತೆ. ಅದನ್ನು ಮಾಡಿದ್ದರು. ಅವರ ಮುಖ ಚೆನ್ನಾಗಿರಲಿಲ್ಲ.

“ಗೋಂದಣ್ಣ, ನಿಮ್ಮ ಹೊಟ್ಟೆಯಲ್ಲೂ ಅದೇ ಕಳ್ಳ ಇದಾನೆ.”

ಇಷ್ಟು ಕೇಳಿದ್ದೇ ಚಿಕ್ಕ ಯಜಮಾನಿ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಇಷ್ಟು ಕೇಳಿದ್ದೇ ಗಾರ್ಡ್ ಮಾಮ ಮೆಟ್ಟಿಲು ಇಳಿದು, ಜೀವನದಲ್ಲಿ ಮೊದಲ ಸಲ ಆಟೋ ಹಿಡಿದು ವಠಾರದ ಕಡೆ ಓಡಿದರು. ಆದರೆ ಡಾಕ್ಟರಮ್ಮನ ಮಾತು ಮುಗಿದಿರಲಿಲ್ಲ.

“ಹೆದರ್ಬೇಡಿ. ಹದಿನೈದು ದಿನದ ಹಿಂದೆ ಇರ್ಲಿಲ್ಲ. ದಿನಾ ಬಂದು ಅವರ ಕೈ ಹಿಡ್ಕೊಂಡು ಕೂತ್ರಲ್ಲ, ಬಹುಶಃ ಆಗ ಬಂದಿದಾನೆ. ಆದ್ರೆ ನಿಮ್ಮಲ್ಲಿ ಅವನು ಕಳ್ಳ ಅಲ್ಲ. ಎಲ್ಲ ಮನೆಯಲ್ಲೂ ಜನ ಇದಾರೆ, ಯಾರೂ ಜಾಗ ಕೊಟ್ಟಿಲ್ಲ. ಜಗಲಿ ಮೂಲೇಲಿ ಬಡಪಾಯಿ ನೆಂಟನ ಹಾಗೆ ಮುದುಡ್ಕೊಂಡು ಕೂತಿದಾನೆ. ಅದೇ ಜೀವಿ. ಇಲ್ಲಿ ಸಾಧು, ಅಲ್ಲಿ ಯಮ. ನಿಮಗೆ ಔಷಧವೂ ಬೇಕಿಲ್ಲ. ಸೋಪು ಹಚ್ಚಿ ಕೈ ತೊಳ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಿ. ಇದನ್ನ ಅವರಿಗೆ ಕೊಡಕ್ಕಾಗಲ್ಲ, ಅಷ್ಟೇ.”

ಯಜಮಾನರ ಗತಿಯೇನು ಎಂದು ಗೋಂದಣ್ಣ ಕೇಳಿದ. ಇನ್ನೊಂದು ಊರಿನ ಆಸ್ಪತ್ರೆಯವರು ಬೇರೊಬ್ಬ ದಾನಿಯಿಂದ ಪಡೆದು ಹೆಪ್ಪುಗಟ್ಟಿಸಿ ಇಟ್ಟದ್ದನ್ನು ಮುಂದಿನ ವಾರ ಕೊಡುತ್ತೇವೆ ಎಂದಿದ್ದವರು ಈಗ ನಾಳೆ ಬೆಳಿಗ್ಗೆಗೇ ಕಳಿಸಲು ಒಪ್ಪಿದ್ದರಂತೆ. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರಮ್ಮ. ಅವನಿಗೆ ಸಮಾಧಾನವಾಯಿತು. ಹಾಗಾದರೆ ಎಂಟೂವರೆಯ ರೈಲು, ಎಂದು ಚಿಕ್ಕ ಯಜಮಾನಿಯ ಕಡೆ ತಿರುಗಿದ.

ಆಕೆ ಆಗಲೇ ಓಣಿಯ ಆ ತುದಿಯಲ್ಲಿ ನಿಂತು ಕಾಗದದ ಮೇಲೆ ಏನೋ ಬರೆಯುತ್ತಿದ್ದಳು. ಡಾಕ್ಟರಮ್ಮ ಹೇಳಿದ ಉದ್ದನೆಯ ಮಾತಿನಲ್ಲಿ ಆಕೆಯ ಕಿವಿಗೆ ಬಿದ್ದದ್ದು ಎರಡು ಸಂಗತಿ. ಅಪ್ಪನ ಹೊಟ್ಟೆಯಲ್ಲಿದ್ದದ್ದೇ ಇವನ ಹೊಟ್ಟೆಯಲ್ಲಿದೆ, ಇವನು ದಿನಾ ಬಂದು ಅವರ ಕೈ ಹಿಡಿದಿದ್ದಾನೆ. ಯಾರಿಂದ ಯಾರಿಗೆ ಎಂಬುದನ್ನು ಆಕೆ ತನಗೆ ತೋಚಿದಂತೆ ಬೆಸೆದುಕೊಂಡಿದ್ದಳು. ಡಾಕ್ಟರಮ್ಮ ಹಾಗಲ್ಲಮ್ಮ ಎಂದು ಎರಡು ಸಲ ಶುರು ಮಾಡಿದರು. ಆಕೆ ಕೇಳಿಸಿಕೊಳ್ಳಲಿಲ್ಲ. ಕಾಗದವನ್ನು ನರ್ಸ್ ಕೈಯಲ್ಲಿ ಕಳಿಸಿ ದೂರದಿಂದಲೇ ಹೇಳಿದಳು.

“ರಜೆ ತಾನೆ ಕೇಳಿದ್ದು? ಹತ್ತು ದಿನ ಅಲ್ಲ, ಒಂದು ತಿಂಗಳು ತಗೊಳ್ಳಿ. ಮನೆ ಬಿಟ್ಟು ಆಚೆ ಕಾಲಿಡ್ಬೇಡಿ. ಇಟ್ಟಿದ್ದು ಗೊತ್ತಾದ್ರೆ ಆಮೇಲೆ ರಜೆ ಮುಗಿಯೋದೇ ಇಲ್ಲ.”

ಗೋಂದಣ್ಣ ರಜೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ವಠಾರ ಸೇರಿದಾಗ ಆರೂವರೆ. ಅಂಗಳದಲ್ಲಿ ಸಭೆ ಮುಗಿದು ತೀರ್ಮಾನಗಳು ಜಾರಿಗೆ ಬಂದಿದ್ದವು. ಕಕ್ಕಸಿನ ಬಾಗಿಲಿಗೆ ಕೋಟೆಬಾಗಿಲಿಗೆ ಹಾಕುವಷ್ಟು ದೊಡ್ಡ ಬೀಗ ಬಿದ್ದಿತ್ತು. ಒಂದೊಂದು ಮನೆಗೆ ಒಂದೊಂದು ಕೀಲಿ ಕೊಟ್ಟು, ಗೋಂದಣ್ಣನ ಮನೆಯ ಕೀಲಿಯನ್ನು ಮಾತ್ರ ಮಹಡಿಯತ್ತೆ ತನ್ನ ಬಳಿ ಇಟ್ಟುಕೊಂಡಿದ್ದಳು. ಮಕ್ಕಳುಮರಿ ಇರುವ ಜಾಗ, ತಪ್ಪು ತಿಳಿಯಬಾರದು ಎಂದು ಹಿಂದಿನ ಮನೆಯಾತ ಕಿಟಕಿಯಿಂದ ಹೇಳಿದ. ಬಸ್ ನಿಲ್ದಾಣದಲ್ಲಿ ಸಾರ್ವಜನಿಕ ಕಕ್ಕಸಿದೆ, ಬಹಳ ದೂರವೇನಲ್ಲ ಎಂದೂ ಸೇರಿಸಿದ. ಮನೆ ಬಿಟ್ಟು ಆಚೆ ಕಾಲಿಡಬಾರದು ಎಂಬ ಚೀಟಿ ಜೇಬಿನಲ್ಲಿ ಕರಕರ ಎಂದಿತು.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಗೋಂದಣ್ಣ ವಿವರಿಸಲು ಹೋದ. ಬಡಪಾಯಿ ನೆಂಟ, ಜಗಲಿ ಮೂಲೆ, ಸೋಪು. ಕೇಳುತ್ತ ಕೇಳುತ್ತ ಒಂದೊಂದೇ ಕಿಟಕಿ ಮುಚ್ಚಿಕೊಂಡಿತು. ಗಾರ್ಡ್ ಮಾಮ ಮಾತ್ರ ಬಾಗಿಲ ಸಂದಿಯಿಂದ ಮೂಗಿಗೆ ಕರವಸ್ತ್ರ ಹಿಡಿದು, ರೈಲ್ವೆಯಲ್ಲಿ ತಮ್ಮ ಮಾತಿಗೆ ಇನ್ನೂ ಬೆಲೆಯಿದೆ, ಪ್ರಯಾಣಿಕರ ಹಿತದೃಷ್ಟಿಯಿಂದ ಅವರಿಬ್ಬರ ಟಿಕೆಟ್ ರದ್ದು ಮಾಡಿಸಿಯಾಯಿತು ಎಂದು ತಿಳಿಸಿದರು. ಉಪಕಾರ ಮಾಡಿದ ದನಿಯಿತ್ತು.

ಹೆಂಡತಿ ಮೆಟ್ಟಿಲ ಮೇಲೆ, ತುಂಬಿದ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೂರು ಬಾಟಲಿ ನೀರು. ಅವನು ಅವಳಿಗೂ ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿದಳು. ಆ ದಿನ ಅವನ ಮಾತನ್ನು ಪೂರ್ತಿ ಕೇಳಿದವಳು ಅವಳೊಬ್ಬಳೇ. ಆಮೇಲೆ ಅವನ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

“ಇಷ್ಟು ವರ್ಷ ಕಾದಿದೆ ಸಮುದ್ರ. ಅದಕ್ಕೇನು ಬೇರೆ ಕೆಲಸ ಇದೆಯಾ?” ಎಂದಳು.

ಗೋಂದಣ್ಣನ ಮೈಯೆಲ್ಲ ಹಗುರಾಯಿತು. ಇನ್ನು ಅವನಿಂದ ಯಾರಿಗೂ ಏನೂ ಬೇಕಿರಲಿಲ್ಲ. ಡಬ್ಬಿಯಿಲ್ಲ, ಗಡುವಿಲ್ಲ, ಬಾಗಿಲ ಹೊರಗೆ ಬೂಟಿನ ಸದ್ದಿಲ್ಲ. ಭುಜ ಇಳಿಯಿತು, ಉಸಿರು ನೀಳವಾಯಿತು. ಆ ನೀಳ ಉಸಿರಿನ ಕೊನೆಯಲ್ಲಿ, ಇಡೀ ದಿನ ಕುಡಿಸಿದ ಬಿಸಿನೀರು, ಇಪ್ಪತ್ತೆರಡು ಸಲ ನಡೆಸಿದ ನಡಿಗೆ, ಬಗ್ಗಿದ್ದು, ಎಡಕ್ಕೆ ಮಲಗಿದ್ದು ಎಲ್ಲವೂ ಒಟ್ಟಿಗೆ ಫಲ ಕೊಡಲು ನಿರ್ಧರಿಸಿದವು. ಹೊಟ್ಟೆ ಗುಡುಗಿತು. ಮಹಡಿಯ ಮೇಲಿನ ಕಿಟಕಿಯ ಅಗುಳಿ ಸದ್ದು ಮಾಡಿತು.

ಹೆಂಡತಿ ಅವನ ಮುಖ ನೋಡಿದಳು. ಬೀಗ ನೋಡಿದಳು. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಕಟ್ಟೆಯ ಬುಡದಲ್ಲಿ ಬೀಗ ಒಡೆಯುವಷ್ಟು ದೊಡ್ಡ ಕಲ್ಲಿದೆಯೇ ಎಂದು ಹುಡುಕತೊಡಗಿದಳು.

“ಎರಡು ನಿಮಿಷ ತಡ್ಕೊಳ್ತೀರಾ?” ಎಂದಳು ಅಲ್ಲಿಂದಲೇ.

ಬೇಗ, ಬೇಗ ಎಂದು ಬೆಳಗಿನಿಂದ ಊರೆಲ್ಲ ಅವನ ಬೆನ್ನು ಹತ್ತಿತ್ತು. ನಿಧಾನ ಎಂದವಳು ಇವಳೊಬ್ಬಳೇ. ಅದೊಂದೇ ಈಗ ಅವನ ಕೈಲಾಗದ ಕೆಲಸವಾಗಿತ್ತು.